ಹಸಿ ಕಸವನ್ನು ಇನ್ನೊಮ್ಮೆ ಬೇರ್ಪಡಿಸುವುದು ಹೇಗೆ?

ಪ್ರಶ್ನೆ: ಬೆಂಗಳೂರಿನ 30×40 ನಿವೇಶನದಲ್ಲಿ ನಮ್ಮ ಮನೆಯಿದೆ, ನಾವು ನಾಲ್ಕು ಜನ. ಹಿತ್ತಿಲಲ್ಲಿ ಒಂದು ಮಾವು, ಒಂದು ತೆಂಗು, ಒಂದು ಕರಿಬೇವು, ತಾರಸಿಯ ಮೇಲೆ ಸುಮಾರು 30 ಕುಂಡಗಳಿವೆ. ಎಂಟು ತಿಂಗಳಿಂದ ಅಡುಗೆಮನೆಯ ಹಸಿ ಕಸವನ್ನೆಲ್ಲ ತೂತು ಕೊರೆದ ಡ್ರಮ್ಮಿಗೆ ಹಾಕುತ್ತಿದ್ದೇನೆ. ಅದು ನಾರುತ್ತಿದೆ, ತಳದಲ್ಲಿ ನೀರು ನಿಲ್ಲುತ್ತಿದೆ, ಬಿಳಿ ಹುಳುಗಳಾಗಿವೆ. ಹಿತ್ತಿಲ ಮೂಲೆಯಲ್ಲಿ ರಾಶಿ ಹಾಕಿದ ಎಲೆ, ಕಡ್ಡಿ, ಕಳೆ ಮಾತ್ರ ವರ್ಷ ಕಳೆದರೂ ಹಾಗೆಯೇ ಕೂತಿದೆ. ನಿಂಬೆ ಸಿಪ್ಪೆ, ಉಳಿದ ಅನ್ನ-ಸಾರು, ತೆಂಗಿನ ಚಿಪ್ಪು, ದೇವರ ಹೂವು, ‘ಕಾಂಪೋಸ್ಟಬಲ್’ ಎಂದು ಬರೆದ ಚೀಲ, ಇವುಗಳಲ್ಲಿ ಯಾವುದನ್ನು ಹಾಕಬಹುದು, ಯಾವುದನ್ನು ಬೇರೆ ಇಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳಿವೆ ಎಂದು ನೀವು ಭಾವಿಸಿದ್ದೀರಿ. ನನ್ನ ಲೆಕ್ಕದಲ್ಲಿ ಇರುವುದು ಒಂದೇ. ಡ್ರಮ್ಮಿನಲ್ಲಿ ನೀರು ಮತ್ತು ಸಾರಜನಕ ಹೆಚ್ಚಾಗಿ ಉಸಿರುಕಟ್ಟಿದೆ. ಮೂಲೆಯ ರಾಶಿಯಲ್ಲಿ ಅದೇ ನೀರು ಮತ್ತು ಸಾರಜನಕ ಇಲ್ಲದೆ ಎಲ್ಲವೂ ಒಣಗಿ ನಿಂತಿದೆ. ಇವೆರಡನ್ನೂ ಬೇರೆ ಬೇರೆ ಮೂಲೆಗಳಲ್ಲಿ ಇಟ್ಟಿರುವುದರಿಂದಲೇ ಎರಡೂ ಕೆಟ್ಟಿವೆ.

ತರಕಾರಿ ಸಿಪ್ಪೆಯ ತೂಕದಲ್ಲಿ ನೂರಕ್ಕೆ 80ರಿಂದ 90 ಪಾಲು ನೀರೇ ಇರುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳಿಗೆ ತೇವ ಬೇಕು ನಿಜ, ಆದರೆ ರಾಶಿಯ ತೇವ ನೂರಕ್ಕೆ 50ರಿಂದ 60ರ ಆಸುಪಾಸಿನಲ್ಲಿದ್ದರೆ ಮಾತ್ರ ನಡುವಿನ ಸಂದುಗಳಲ್ಲಿ ಗಾಳಿಗೂ ಜಾಗ ಉಳಿಯುತ್ತದೆ. ಅದಕ್ಕಿಂತ ಹೆಚ್ಚಾದರೆ ಸಂದುಗಳಲ್ಲಿ ನೀರು ತುಂಬಿ, ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಮೇಲುಗೈ ಪಡೆದು, ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಇನ್ನೊಂದು ಅಳತೆ ಇಂಗಾಲ ಮತ್ತು ಸಾರಜನಕದ ಪ್ರಮಾಣ. ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲವಿದ್ದರೆ ಕೊಳೆಯುವಿಕೆ ಚೆನ್ನಾಗಿ ನಡೆಯುತ್ತದೆ. ಅಡುಗೆಮನೆಯ ಸಿಪ್ಪೆಗಳಲ್ಲಿ ಇಂಗಾಲ ಇದಕ್ಕಿಂತ ಕಡಿಮೆ, ಒಣಗಿದ ಎಲೆಗಳಲ್ಲಿ 40ರಿಂದ 80ರವರೆಗೆ, ಮರದ ಹೊಟ್ಟಿನಲ್ಲಿ ಹಲವು ನೂರು. ಮಲೆನಾಡಿನ ರೈತರು ಈ ಲೆಕ್ಕವನ್ನು ಅಂಕಿಗಳಿಲ್ಲದೆಯೇ ಬಲ್ಲರು. ಬೆಟ್ಟದಿಂದ ದರಗು (ಉದುರಿದ ಒಣ ಎಲೆ) ಗುಡಿಸಿ ತಂದು ಕೊಟ್ಟಿಗೆಗೆ ಹಾಸಿ, ದನದ ಗಂಜಲ ಮತ್ತು ಸಗಣಿ ಅದಕ್ಕೆ ಹಿಡಿದ ಮೇಲೆ ಬಾಚಿ ಗೊಬ್ಬರದ ಗುಂಡಿಗೆ ಹಾಕುವಾಗ ಆಗುವುದು ಇದೇ ಬೆರಕೆ. ನಿಮ್ಮ ಮನೆಯಲ್ಲಿ ಕೊಟ್ಟಿಗೆಯಿಲ್ಲ. ಸಗಣಿಯ ಜಾಗದಲ್ಲಿ ಸೋರೆಕಾಯಿ ಸಿಪ್ಪೆ ಇದೆ, ಅಷ್ಟೇ ವ್ಯತ್ಯಾಸ.

ಇನ್ನು ಬೇರ್ಪಡಿಸುವ ವಿಷಯ. ಬೆಂಗಳೂರಿನಲ್ಲಿ 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ನೀಡಿದ ಆದೇಶದ ನಂತರ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ಬಂತು: ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಸ್ಯಾನಿಟರಿ ಪ್ಯಾಡ್, ಡಯಾಪರ್ ಮುಂತಾದವು, ಚೀಲಕ್ಕೆ ಒಣ ಕಸ. ಅದು ಒಳ್ಳೆಯ ಪದ್ಧತಿ, ಆದರೆ ನಗರದ ಗಾಡಿಗಾಗಿ ಮಾಡಿದ ವಿಂಗಡಣೆ. ಹಸಿರು ಬುಟ್ಟಿಯಲ್ಲಿ ಹೋಗುವುದೆಲ್ಲ ಟನ್‌ಗಟ್ಟಲೆ ರಾಶಿಯಾಗಿ ಸೇರುವ ಘಟಕದಲ್ಲಿ, ಸರಿಯಾಗಿ ನಡೆಸಿದರೆ, ರಾಶಿಯ ಒಳಗಿನ ಬಿಸಿ 55 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಬಿಸಿಯಲ್ಲಿ ಕಳೆಯ ಬೀಜ, ರೋಗಾಣು, ನೊಣದ ಮೊಟ್ಟೆ ಎಲ್ಲವೂ ಸಾಯುತ್ತವೆ. 100 ಲೀಟರಿನ ಮನೆಯ ಡ್ರಮ್ಮಿಗೆ ಆ ಬಿಸಿ ಹಿಡಿದಿಟ್ಟುಕೊಳ್ಳುವಷ್ಟು ಮೈಯಿಲ್ಲ. ಹಾಗಾಗಿ ನಗರದ ಲೆಕ್ಕದಲ್ಲಿ ‘ಹಸಿ’ ಎನಿಸಿಕೊಂಡದ್ದನ್ನು ನೀವು ಮನೆಯಲ್ಲಿ ಇನ್ನೊಮ್ಮೆ ಬೇರ್ಪಡಿಸಬೇಕು, ಮತ್ತು ಆಗ ಕೇಳಬೇಕಾದ ಪ್ರಶ್ನೆ ‘ಇದು ಕೊಳೆಯುತ್ತದೆಯೇ’ ಎಂಬುದಲ್ಲ. ಕೊಳೆಯುವುದೇನೋ ಎಲ್ಲವೂ ಕೊಳೆಯುತ್ತದೆ. ಎಷ್ಟು ಬೇಗ ಕೊಳೆಯುತ್ತದೆ, ಜೊತೆಗೆ ಎಷ್ಟು ನೀರು ತರುತ್ತದೆ, ಕೊಲ್ಲಬೇಕಾದದ್ದು ಅದರಲ್ಲಿ ಏನಾದರೂ ಇದೆಯೇ ಎಂದು ಕೇಳಿಕೊಳ್ಳಿ. ಈ ಕೆಲಸ ಆಗಬೇಕಾದದ್ದು ಡ್ರಮ್ಮಿನ ಬಾಯಲ್ಲಲ್ಲ, ಈಳಿಗೆಮಣೆಯ ಪಕ್ಕದಲ್ಲಿ. ಅಲ್ಲಿ ಎರಡು ಪಾತ್ರೆ ಇಡಿ: ತೂತಿನ ಜಾಲರಿ ಒಂದು, ಸಾದಾ ಡಬ್ಬಿ ಒಂದು.

ಜಾಲರಿಗೆ ಹೋಗಬೇಕಾದವು ಬೇಗ ಕೊಳೆಯುವ ಹಸಿ ಸಿಪ್ಪೆಗಳು. ಸೊಪ್ಪಿನ ದಂಟು, ಸೌತೆ, ಕುಂಬಳ, ಸೀಮೆಬದನೆ, ಬಾಳೆಹಣ್ಣಿನ ಸಿಪ್ಪೆ, ಹಣ್ಣಿನ ತಿರುಳು ಇವನ್ನೆಲ್ಲ ಯೋಚಿಸದೆ ಹಾಕಬಹುದು. ಡಿಸೆಂಬರ್-ಜನವರಿಯಲ್ಲಿ ಅವರೆಕಾಯಿ ಕಾಲ ಬಂದಾಗ ಬರುವ ಸಿಪ್ಪೆಯ ಗುಡ್ಡೆ ಗೊಬ್ಬರಕ್ಕೆ ಬಹಳ ಒಳ್ಳೆಯದು. ಆದರೆ ಒಂದೇ ದಿನ ಮೂರು ಕಿಲೋ ಅವರೆ ಸುಲಿದು, ಹಿಸುಕಿದ ಸಿಪ್ಪೆಯನ್ನೂ ಸೇರಿಸಿ ಡ್ರಮ್ಮಿಗೆ ಸುರಿದರೆ ಮರುದಿನವೇ ಅಮೋನಿಯಾ ಮೂಗಿಗೆ ಹೊಡೆಯುತ್ತದೆ. ಅದನ್ನು ತಾರಸಿಯಲ್ಲಿ ಒಂದು ದಿನ ಬಾಡಿಸಿ, ನಾಲ್ಕೈದು ದಿನಗಳಿಗೆ ಹಂಚಿ ಹಾಕಿ. ಫಿಲ್ಟರ್ ಕಾಫಿಯ ಚರಟ ಚೆನ್ನಾಗಿ ಬಸಿದಿದ್ದರೆ ಅತ್ಯುತ್ತಮ ವಸ್ತು. ಹಾಲು-ಸಕ್ಕರೆ ಸೇರಿಸಿ ಕುದಿಸಿದ ಚಹಾ ಚರಟವನ್ನು ಒಮ್ಮೆ ನೀರಿನಲ್ಲಿ ಜಾಲಿಸಿದರೆ ಇರುವೆಯ ಕಾಟ ತಪ್ಪುತ್ತದೆ. ಟೀ ಬ್ಯಾಗನ್ನು ಹರಿದು ಪುಡಿಯನ್ನಷ್ಟೇ ಹಾಕಿ, ಏಕೆಂದರೆ ಹಲವು ಚೀಲಗಳ ಜಾಲದಲ್ಲಿ ಪ್ಲಾಸ್ಟಿಕ್ ಎಳೆಗಳಿರುತ್ತವೆ. ಸೇಬು, ಕಿವಿ ಹಣ್ಣಿನ ಮೇಲಿನ ಪುಟ್ಟ ಸ್ಟಿಕ್ಕರ್ ಕಿತ್ತು ತೆಗೆಯಿರಿ. ನನ್ನ ಜರಡಿಯಲ್ಲಿ ಪ್ರತಿ ಸಲವೂ ಹೊಸದರಂತೆ ಹೊಳೆಯುತ್ತ ಸಿಕ್ಕುವುದು ಅದೊಂದೇ.

ನಿಂಬೆ, ಮೂಸಂಬಿ, ಕಿತ್ತಳೆ ಸಿಪ್ಪೆಗಳ ಬಗ್ಗೆ ಇರುವ ಭಯ ಎರೆಗೊಬ್ಬರದಿಂದ ಬಂದದ್ದು. ಎರೆಹುಳುಗಳಿಗೆ ಹುಳಿಯೂ ಆ ಸಿಪ್ಪೆಯ ಎಣ್ಣೆಯೂ ಸೇರುವುದಿಲ್ಲ, ಈರುಳ್ಳಿ-ಬೆಳ್ಳುಳ್ಳಿಯೂ ಅಷ್ಟೇ. ಎರೆಹುಳು ಇಲ್ಲದ ಡ್ರಮ್ಮಿಗೆ ಈ ನಿಷೇಧ ಅನ್ವಯಿಸದು. ಅದರ ಎಣ್ಣೆ ಸೂಕ್ಷ್ಮಜೀವಿಗಳನ್ನು ಸ್ವಲ್ಪ ತಡೆಯುವುದರಿಂದ ಸಿಪ್ಪೆ ನಿಧಾನವಾಗಿ ಕರಗುತ್ತದೆ, ಅದರ ಮೇಲೆ ಹಸಿರು ಬೂಷ್ಟು ಬರುತ್ತದೆ. ಬೂಷ್ಟು ಬಂದರೆ ಕೆಲಸ ನಡೆಯುತ್ತಿದೆ ಎಂದೇ ತಿಳಿಯಿರಿ. ಚಿಕ್ಕದಾಗಿ ಹೆಚ್ಚಿ ಹಾಕಿ. ಜ್ಯೂಸ್ ಅಂಗಡಿಯಷ್ಟು ಸಿಪ್ಪೆ ಬಂದ ದಿನ ಮಾತ್ರ ಅರ್ಧವನ್ನು ಗಾಡಿಗೆ ಕೊಟ್ಟುಬಿಡಿ.

ಬೇಯಿಸಿದ ಆಹಾರದಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ನಿಮ್ಮ ಡ್ರಮ್ಮಿನ ನಾತಕ್ಕೆ ಮುಖ್ಯ ಕಾರಣ ಇದೇ ಎಂದು ನನಗೆ ಅನಿಸುತ್ತದೆ. ಒಂದು ಹಿಡಿ ಒಣ ಅನ್ನ, ಹರಿದ ಚಪಾತಿ, ಒಣಗಿದ ಮುದ್ದೆ ಇವುಗಳಿಂದ ಏನೂ ತೊಂದರೆಯಿಲ್ಲ. ಸಾರು, ಹುಳಿ, ಮಜ್ಜಿಗೆ ಹುಳಿ, ಪಾಯಸದ ತಳ ಇವು ಬೇರೆ ಜಾತಿ: ನೀರು, ಉಪ್ಪು, ಎಣ್ಣೆ ಮೂರನ್ನೂ ಒಟ್ಟಿಗೆ ತರುತ್ತವೆ. ನೀರು ಗಾಳಿಯ ಸಂದನ್ನು ಮುಚ್ಚುತ್ತದೆ. ಎಣ್ಣೆ ಸಿಪ್ಪೆಗಳ ಮೇಲೆ ಪೊರೆಯಂತೆ ಕೂತು ಅದೇ ಕೆಲಸ ಮಾಡುತ್ತದೆ. ಉಪ್ಪು ಎಲ್ಲಿಗೂ ಹೋಗದೆ ಗೊಬ್ಬರದಲ್ಲೇ ಉಳಿದು ನಿಮ್ಮ ಕುಂಡದ ಗಿಡಗಳ ಎಲೆಯಂಚನ್ನು ಸುಡುತ್ತದೆ. ಆದ್ದರಿಂದ ಸಾರನ್ನು ಸೋಸಿ, ಹೋಳು ಮತ್ತು ಬೇಳೆಯನ್ನು ಒಮ್ಮೆ ನೀರಿನಲ್ಲಿ ತೊಳೆದು, ಹಿಂಡಿ, ಆಮೇಲೆ ಜಾಲರಿಗೆ ಹಾಕಿ. ಇದು ಹೆಚ್ಚಿನ ಕೆಲಸ ಎನಿಸಿದರೆ ಬೇಯಿಸಿದ್ದನ್ನೆಲ್ಲ ಹಸಿರು ಬುಟ್ಟಿಗೇ ಹಾಕಿ ಗಾಡಿಗೆ ಕೊಡಿ. ಅದರಲ್ಲಿ ಸೋಲೇನೂ ಇಲ್ಲ. ಉಪ್ಪಿನಕಾಯಿ, ಕರಿದ ಎಣ್ಣೆ, ಒಡೆದ ಹಾಲು, ಹುಳಿತ ಮೊಸರು ಯಾವ ಕಾರಣಕ್ಕೂ ಬೇಡ. ಗೊಬ್ಬರಕ್ಕೆ ಹೆಪ್ಪು ಎಂದು ಹುಳಿ ಮಜ್ಜಿಗೆ ಚಿಮುಕಿಸುವವರಿದ್ದಾರೆ. ಹಳೆಯ ಗೊಬ್ಬರದ ಒಂದು ಬೊಗಸೆ ಅದಕ್ಕಿಂತ ಎಷ್ಟೋ ಮೇಲು, ಏಕೆಂದರೆ ಬೇಕಾದ ಜೀವಿಗಳೆಲ್ಲ ಅದರಲ್ಲಿ ಆಗಲೇ ಸಂಸಾರ ಹೂಡಿರುತ್ತವೆ.

ಮೀನು, ಮಾಂಸ, ಮೂಳೆಗಳು ಕೊಳೆಯದೆ ಇರುವುದಿಲ್ಲ. ಆದರೆ ಬಿಸಿ ಏರದ ಡ್ರಮ್ಮಿನಲ್ಲಿ ಇಲಿ ಮತ್ತು ನೊಣವನ್ನು ಕರೆದು ತರುತ್ತವೆ. ಅವನ್ನು ಗಾಡಿಗೆ ಕೊಡಿ. ಮೊಟ್ಟೆಯ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ತೊಳೆದು ಒಣಗಿಸಿ ಪುಡಿ ಮಾಡಿ ಹಾಕಿ, ಇಲ್ಲವಾದರೆ ಎರಡು ವರ್ಷದ ನಂತರವೂ ತುಂಡು ತುಂಡಾಗಿ ಕಾಣುತ್ತಲೇ ಇರುತ್ತದೆ.

ಸಾದಾ ಡಬ್ಬಿಗೆ ಹೋಗುವುದು ನಿಧಾನದ ಜಾತಿ: ಮಾವಿನ ಓಟೆ, ಹಲಸಿನ ಮುಳ್ಳು ಸಿಪ್ಪೆ, ಕಬ್ಬಿನ ಜಲ್ಲೆ, ಮುಸುಕಿನ ಜೋಳದ ದಿಂಡು, ತೆಂಗಿನ ನಾರು. ಇವು ಡ್ರಮ್ಮಿನಲ್ಲಿದ್ದರೆ ಮಿಕ್ಕದ್ದು ಗೊಬ್ಬರವಾದ ಮೇಲೂ ಗಟ್ಟಿಯಾಗಿ ಉಳಿದು ಜಾಗ ತಿನ್ನುತ್ತವೆ. ನಾನೊಮ್ಮೆ ಬೇಸಿಗೆಯಲ್ಲಿ ಒಂದಿಡೀ ಹಲಸಿನ ಸಿಪ್ಪೆಯನ್ನು ಕತ್ತರಿಸದೆ ಡ್ರಮ್ಮಿಗೆ ತುರುಕಿದ್ದೆ. ಹೊರಗಿನ ಮುಳ್ಳು ಮಳೆಗಾಲ ಮುಗಿಯುವವರೆಗೂ ಹಾಗೆಯೇ ಇತ್ತು, ಒಳಗಿನ ಸಿಹಿ ರೆಚ್ಚೆಗೆ ಮೂರೇ ದಿನದಲ್ಲಿ ಹಣ್ಣುನೊಣಗಳ ಮೋಡ ಕವಿದಿತ್ತು. ತೆಂಗಿನ ಚಿಪ್ಪನ್ನಂತೂ ಗೊಬ್ಬರದ ಲೆಕ್ಕದಿಂದಲೇ ಕೈಬಿಡಿ. ಅದಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತು ಕರಗಲು ವರ್ಷಗಳು ಬೇಕು. ಕುಂಡದ ತೂತಿನ ಮೇಲೆ ಕವುಚಿಡಲು ಒಂದೆರಡು ಇಟ್ಟುಕೊಂಡು ಉಳಿದದ್ದನ್ನು ಗಾಡಿಗೆ ಕೊಡಿ, ಅಥವಾ ಊರಿನಲ್ಲಿ ಬಚ್ಚಲೊಲೆ ಇದ್ದರೆ ಅಲ್ಲಿಗೆ ಕಳಿಸಿ.

ದೇವರ ಹೂವು ಬೇಗ ಕೊಳೆಯುವ ವರ್ಗದ್ದು, ಆದರೆ ಹಾರದ ದಾರ ನೋಡಬೇಕು. ಬಾಳೆನಾರು ಅಥವಾ ಹತ್ತಿ ದಾರವಾದರೆ ಹಾಗೆಯೇ ಹಾಕಬಹುದು. ಈಗ ಮಾರುಕಟ್ಟೆಯ ಹಾರಗಳಲ್ಲಿ ನೈಲಾನ್ ಎಳೆ, ಜರಿ, ಥರ್ಮೊಕೋಲ್ ಮಣಿ ಸಾಮಾನ್ಯ. ದಾರದ ಒಂದು ತುದಿ ಹಿಡಿದು ಎಳೆದರೆ ಹೂಗಳು ಉದುರಿ ಬೀಳುತ್ತವೆ, ಅರ್ಧ ನಿಮಿಷದ ಕೆಲಸ. ಊದುಬತ್ತಿಯ ಕಡ್ಡಿ, ಎಣ್ಣೆ ಹಿಡಿದ ಬತ್ತಿ ಬೇಡ. ಆಯುಧಪೂಜೆಯ ಮರುದಿನ ಒಡೆದ ಬೂದುಗುಂಬಳ ಮತ್ತು ಬಾಳೆಕಂದು ಒಟ್ಟೊಟ್ಟಿಗೆ ಬರುತ್ತವೆ, ಎರಡೂ ಬಹುತೇಕ ನೀರೇ. ಬಾಳೆಕಂದಿನಲ್ಲಿ ಪೊಟ್ಯಾಶ್ ಚೆನ್ನಾಗಿರುವುದರಿಂದ ಅದನ್ನು ಬಿಸಾಡುವುದು ನಷ್ಟ. ಬಿಲ್ಲೆಗಳಾಗಿ ಕೊಚ್ಚಿ ಎರಡು ದಿನ ಬಿಸಿಲಿಗೆ ಹರಡಿದ ಮೇಲೆ ಹಾಕಿ. ಕುಂಬಳಕಾಯಿಯ ಬೀಜ ತೆಗೆಯದಿದ್ದರೆ ಮುಂದಿನ ಮಳೆಗೆ ನಿಮ್ಮ ಗುಲಾಬಿ ಕುಂಡದಲ್ಲಿ ಬಳ್ಳಿ ಹಬ್ಬುತ್ತದೆ.

ಈಗ ತೋಟದ ಕಡೆಗೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ತೋಟದ ಕಸವನ್ನು ಮನೆಯ ಆವರಣದಲ್ಲೇ ಬೇರೆಯಾಗಿ ಸಂಗ್ರಹಿಸಬೇಕೆಂದೂ ಬಯಲಲ್ಲಿ ಸುಡಬಾರದೆಂದೂ ಹೇಳಿದ್ದವು. ಕಾನೂನಿನ ಮಾತು ಹಾಗಿರಲಿ, ಒಣ ಎಲೆ ನಿಮ್ಮ ಪಾಲಿಗೆ ಕಸವೇ ಅಲ್ಲ, ಡ್ರಮ್ಮಿನ ದಿನಸಿ. ಬೆಂಗಳೂರಿನಲ್ಲಿ ಎಲೆ ಉದುರುವುದು ಮುಖ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೆ. ಆಗ ನಾಲ್ಕೈದು ಗೋಣಿಚೀಲ ತುಂಬಿ, ಮಳೆ ಬೀಳದ ಕಡೆ ಇಟ್ಟುಕೊಂಡರೆ ಮಳೆಗಾಲದುದ್ದಕ್ಕೂ ಸಾಕು. ಈ ಸಂಗ್ರಹ ಇಲ್ಲದವರ ಡ್ರಮ್ಮು ಜುಲೈನಲ್ಲಿ ನಾರುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಎಲ್ಲ ಎಲೆಯೂ ಒಂದೇ ಅಲ್ಲ. ರೈನ್ ಟ್ರೀ, ಗುಲ್‌ಮೊಹರ್ ಮರಗಳ ಸಣ್ಣ ಎಲೆ ಬೇಗ ಕರಗುತ್ತದೆ. ಹೊಂಗೆ ಮತ್ತು ಗೊಬ್ಬರದ ಗಿಡದ ಎಲೆಗಳನ್ನು ನಮ್ಮ ರೈತರು ಹಸಿರೆಲೆ ಗೊಬ್ಬರವಾಗಿಯೇ ಬಳಸುತ್ತಾರೆ. ನಿಮ್ಮ ಮಾವಿನೆಲೆ ಮಾತ್ರ ಚಕ್ಕಳದಂತಹದು, ಮೇಲೆ ಮೇಣದ ಪದರ, ಒಂದರ ಮೇಲೊಂದು ಹೆಂಚಿನ ಹಾಗೆ ಕೂತು ನೀರನ್ನು ಜಾರಿಸಿಬಿಡುತ್ತದೆ. ನಿಮ್ಮ ರಾಶಿ ವರ್ಷವಾದರೂ ಕದಲದಿರುವುದಕ್ಕೆ ಇದೇ ಕಾರಣ. ಚೆನ್ನಾಗಿ ಒಣಗಿದ ಮೇಲೆ ಚೀಲದಲ್ಲಿ ತುಂಬಿ ಕಾಲಿನಿಂದ ತುಳಿದರೆ ಪುಡಿಯಾಗುತ್ತದೆ. ಪುಡಿಯಾದ ಎಲೆ ಹೆಚ್ಚು ನೀರು ಹೀರುತ್ತದೆ, ಡ್ರಮ್ಮಿಗೆ ಬೇಕಾದದ್ದೂ ಅದೇ.

ತೆಂಗಿನ ಗರಿ, ಬೆರಳಿಗಿಂತ ದಪ್ಪದ ಕೊಂಬೆ ಡ್ರಮ್ಮಿಗೆ ಬೇಡ. ಕಡ್ಡಿಗಳನ್ನು ಗೇಣುದ್ದ ಕತ್ತರಿಸಿ ಡ್ರಮ್ಮಿನ ತಳದಲ್ಲಿ ನಾಲ್ಕು ಬೆರಳು ಎತ್ತರಕ್ಕೆ ಅಡ್ಡಾದಿಡ್ಡಿಯಾಗಿ ಹಾಸಿದರೆ ಅವು ಕೊಳೆಯದೆ ಉಳಿಯುವುದೇ ಉಪಕಾರ, ಏಕೆಂದರೆ ನೀರು ಬಸಿಯಲು ಮತ್ತು ಕೆಳಗಿನಿಂದ ಗಾಳಿ ಬರಲು ದಾರಿಯಾಗುತ್ತದೆ.

ಕಳೆಗಳಲ್ಲಿ ಎಚ್ಚರ ಬೇಕು. ಹೂ ಬಿಡುವ ಮೊದಲು ಕಿತ್ತ ಕಳೆ ಒಳ್ಳೆಯ ಹಸಿರು ಗೊಬ್ಬರ, ಪಾರ್ಥೇನಿಯಂ ಕೂಡ. ಹೂ ಬಿಟ್ಟ ಪಾರ್ಥೇನಿಯಂ, ಬೀಜ ಕಟ್ಟಿದ ಹುಲ್ಲು, ಗರಿಕೆಯ ಗೆಣ್ಣು, ಕೊನ್ನಾರಿ ಗಡ್ಡೆ ಇವು ಬಿಸಿ ಏರದ ಡ್ರಮ್ಮಿನಲ್ಲಿ ಸಾಯುವುದಿಲ್ಲ. ಕೊನ್ನಾರಿಯ ಕರಿ ಗಡ್ಡೆ ಕಡಲೆ ಕಾಳಿನಷ್ಟೇ ಇರುತ್ತದೆ, ಜರಡಿಯಲ್ಲಿ ಮಣ್ಣಿನ ಹೆಂಟೆಯಂತೆ ಕಂಡು ಮೋಸ ಮಾಡುತ್ತದೆ. ಒಮ್ಮೆ ಕುಂಡಕ್ಕೆ ಇಳಿದರೆ ಮಣ್ಣನ್ನು ಪೂರ್ತಿ ಸುರಿದು ಆರಿಸದೆ ಬೇರೆ ದಾರಿಯಿಲ್ಲ. ಇಂಥವನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೇಸಿಗೆಯ ಬಿಸಿಲಿನಲ್ಲಿ ಹಲವು ವಾರ ಬೇಯಿಸಿ, ಪೂರ್ತಿ ಸತ್ತ ಮೇಲೆ ಹಾಕಿ, ಇಲ್ಲವೇ ಗಾಡಿಗೆ ಕೊಡಿ. ರೋಗದ ಗಿಡಗಳಿಗೂ ಇದೇ ಮಾತು: ಸೊರಗಿ ಸತ್ತ ಟೊಮೆಟೊ, ಬೇರಿನಲ್ಲಿ ಗಂಟು ಗಂಟಾಗಿರುವ ಬೆಂಡೆ (ಅದು ಜಂತುಹುಳುವಿನ ಗುರುತು), ಹಿಟ್ಟುತಿಗಣೆ ಮೆತ್ತಿದ ದಾಸವಾಳದ ತುದಿ ಇವು ನಿಮ್ಮ ಗೊಬ್ಬರದ ಮೂಲಕ ಎಲ್ಲ 30 ಕುಂಡಗಳಿಗೂ ಹಂಚಿಹೋಗಬಾರದು. ಎಲೆಯ ಮೇಲೆ ಬಿಳಿ ಬೂದಿಯಷ್ಟೇ ಬಂದಿದ್ದರೆ ಹೆದರಬೇಕಿಲ್ಲ. ಬೂದಿರೋಗದ ಶಿಲೀಂಧ್ರ ಜೀವಂತ ಎಲೆಯ ಮೇಲೆ ಬದುಕುವಂಥದ್ದು.

‘ಕಾಂಪೋಸ್ಟಬಲ್’ ಚೀಲದ ಮೇಲೆ ಬರೆದದ್ದು ಸುಳ್ಳಲ್ಲ, ಆದರೆ ಅದು ನಿಮ್ಮ ಡ್ರಮ್ಮಿಗೆ ಬರೆದದ್ದಲ್ಲ. ಅದರ ಮೇಲೆ ಐಎಸ್/ಐಎಸ್‌ಒ 17088 ಎಂಬ ಸಂಖ್ಯೆ ಇದ್ದರೆ, ಕೈಗಾರಿಕಾ ಘಟಕದ 58 ಡಿಗ್ರಿಯ ಆಸುಪಾಸಿನ ಬಿಸಿಯಲ್ಲಿ ತಿಂಗಳುಗಟ್ಟಲೆ ಇಟ್ಟು ಪರೀಕ್ಷಿಸಿದ್ದು ಎಂದು ಅರ್ಥ. ಮನೆಯ ಡ್ರಮ್ಮಿನಲ್ಲಿ ಅದು ಹಿಂಜಿ ಹರಿದು ಚೂರಾಗಿ ಉಳಿಯುತ್ತದೆ. ಹೊಳಪಿನ ಕಾಗದ, ಒಳಗೆ ಪ್ಲಾಸ್ಟಿಕ್ ಲೇಪವಿರುವ ಕಾಗದದ ಲೋಟ, ನಾಯಿ-ಬೆಕ್ಕಿನ ಮಲ ಬೇಡವೇ ಬೇಡ. ಸುದ್ದಿಪತ್ರಿಕೆಯ ಹಾಳೆಯನ್ನು ಮಾತ್ರ ಎಲೆ ಮುಗಿದ ದಿನ ಹರಿದು ಬಳಸಬಹುದು.

ಹುಳುಗಳ ಬಗ್ಗೆ ನಿಮಗಿರುವ ಅಸಹ್ಯ ಅರ್ಥವಾಗುತ್ತದೆ, ಆದರೆ ಸಾಯಿಸುವ ಮೊದಲು ಒಂದನ್ನು ಕಡ್ಡಿಯ ಮೇಲೆ ಎತ್ತಿ ನೋಡಿ. ಚಪ್ಪಟೆ ಮೈ, ಸ್ಪಷ್ಟ ಉಂಗುರಗಳು, ದೊಡ್ಡದಾದಂತೆ ಕಂದು ಬಣ್ಣ, ಸುಮಾರು ಎರಡು ಸೆಂಟಿಮೀಟರ್ ಉದ್ದ ಇದ್ದರೆ ಅದು ಕಪ್ಪು ಸೈನಿಕ ನೊಣದ ಮರಿ. ಬೆಳೆದ ನೊಣ ಕಚ್ಚುವುದಿಲ್ಲ, ನಿಮ್ಮ ಊಟದ ಮೇಲೆ ಕೂರುವುದೂ ಇಲ್ಲ. ಮರಿಗಳು ಮಾತ್ರ ಹಸಿ ಕಸವನ್ನು ಅಚ್ಚರಿಯ ವೇಗದಲ್ಲಿ ತಿಂದು ಮುಗಿಸುತ್ತವೆ. ಅವು ತುಂಬಿಕೊಂಡಿವೆ ಎಂದರೆ ಡ್ರಮ್ಮು ತೀರಾ ಒದ್ದೆಯಾಗಿದೆ ಎಂಬ ಸೂಚನೆ, ಅಷ್ಟೇ. ಒಣ ಎಲೆ ಹೆಚ್ಚಿಸಿದರೆ ತಾವಾಗಿಯೇ ಕಡಿಮೆಯಾಗುತ್ತವೆ.

ಹಾಗಾದರೆ ಈ ವಾರ ಮಾಡಬೇಕಾದದ್ದು ಇಷ್ಟು. ಡ್ರಮ್ಮನ್ನು ಪೂರ್ತಿ ಖಾಲಿ ಮಾಡಿ, ಒಂದು ಹಾಳೆಯ ಮೇಲೆ ಹರಡಿ, ಅರ್ಧ ದಿನ ಗಾಳಿಯಾಡಲು ಬಿಡಿ. ವಾಸನೆ ಮೊದಲ ಗಂಟೆಯಲ್ಲೇ ಬಹಳಷ್ಟು ಇಳಿಯುತ್ತದೆ. ತಳಕ್ಕೆ ಕಡ್ಡಿ ಹಾಸಿ, ತುಳಿದ ಮಾವಿನೆಲೆಯನ್ನು ಹಳೆಯ ಸರಕಿಗೆ ಸಮಸಮ ಗಾತ್ರದಲ್ಲಿ ಬೆರೆಸಿ ಮತ್ತೆ ತುಂಬಿ. ಮುಂದೆ ದಿನದಿನವೂ ಜಾಲರಿಯ ಒಂದು ಪಾಲಿಗೆ ಎಲೆಪುಡಿ ಎರಡು ಪಾಲು, ತೂಕದಲ್ಲಲ್ಲ, ಗಾತ್ರದಲ್ಲಿ. ಹಸಿ ಸಿಪ್ಪೆ ಮೇಲೆ ಕಾಣದಂತೆ ಎಲೆ ಮುಚ್ಚಿ, ಮೂರು ನಾಲ್ಕು ದಿನಕ್ಕೊಮ್ಮೆ ಕೋಲಿನಿಂದ ತಿರುವಿ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿದಾಗ ಬೆರಳ ಸಂದಿನಲ್ಲಿ ಒಂದೆರಡು ಹನಿ ಮೂಡಬೇಕು. ಧಾರೆಯಾದರೆ ಎಲೆ ಕಡಿಮೆ, ಪುಡಿಯಾಗಿ ಉದುರಿದರೆ ನೀರು ಕಡಿಮೆ.

ಮೂಲೆಯ ರಾಶಿಯಲ್ಲಿ ಉಳಿದ ದಪ್ಪ ಸರಕಿಗೆ ಮತ್ತು ಸಾದಾ ಡಬ್ಬಿಯ ನಿಧಾನದ ವಸ್ತುಗಳಿಗೆ ಹಿತ್ತಿಲಲ್ಲಿ ಮೊಣಕಾಲುದ್ದದ ಒಂದು ಗುಂಡಿ ತೋಡಿ. 1939ರಲ್ಲಿ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು ಊರಿನ ಕಸ ಮತ್ತು ಮಲವನ್ನು ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ತಿರುವದೆ, ಮೇಲೆ ಮಣ್ಣು ಮುಚ್ಚಿ ಬಿಡುವ ಕ್ರಮವನ್ನು ರೂಪಿಸಿದರು. ಜಗತ್ತು ಅದನ್ನು ಇಂದಿಗೂ ‘ಬೆಂಗಳೂರು ಪದ್ಧತಿ’ ಎಂದೇ ಕರೆಯುತ್ತದೆ. ಅದಕ್ಕೂ ಮೊದಲಿನ, ಬ್ರಿಟಿಷ್ ಕೃಷಿ ವಿಜ್ಞಾನಿ ಆಲ್ಬರ್ಟ್ ಹೊವಾರ್ಡ್ ಅವರ ಇಂದೋರ್ ಪದ್ಧತಿಯಲ್ಲಿ ಆಗಾಗ ತಿರುವಬೇಕು, ಗೊಬ್ಬರ ಬೇಗ ಸಿಗುತ್ತದೆ. ನಿಮ್ಮ ಡ್ರಮ್ಮು ಇಂದೋರಿನ ವಂಶದ್ದು, ಗುಂಡಿ ಬೆಂಗಳೂರಿನದು. ಗುಂಡಿಯ ಪ್ರತಿ ಪದರಕ್ಕೂ ಸ್ವಲ್ಪ ಸಗಣಿ ನೀರು ಅಥವಾ ಡ್ರಮ್ಮಿನ ಅರೆಗೊಬ್ಬರ ಚಿಮುಕಿಸಿ, ಮಣ್ಣು ಮುಚ್ಚಿ, ಆರರಿಂದ ಎಂಟು ತಿಂಗಳು ಮರೆತುಬಿಡಿ. ಮಾವಿನ ಓಟೆ ಆಗಲೂ ಹಾಗೆಯೇ ಸಿಕ್ಕರೆ ಮತ್ತೆ ಗುಂಡಿಗೇ ಹಾಕಿ.

ಡ್ರಮ್ಮಿನ ಗೊಬ್ಬರ ಎರಡೂವರೆ ಮೂರು ತಿಂಗಳಿಗೆ ಕಪ್ಪಗಾಗಿ, ಮೊದಲ ಮಳೆ ಬಿದ್ದ ನೆಲದ ವಾಸನೆ ಬರತೊಡಗುತ್ತದೆ. ಆಗಲೂ ಅವಸರ ಮಾಡಬೇಡಿ. ಒಂದು ತಟ್ಟೆಯಲ್ಲಿ ಅರ್ಧ ಗೊಬ್ಬರ, ಅರ್ಧ ಮಣ್ಣು ಬೆರೆಸಿ ಹತ್ತು ಮೆಂತ್ಯ ಕಾಳು ಬಿತ್ತಿ; ಪಕ್ಕದಲ್ಲಿ ಬರೀ ಮಣ್ಣಿನ ತಟ್ಟೆಯಲ್ಲಿ ಇನ್ನು ಹತ್ತು. ವಾರದೊಳಗೆ ಎರಡೂ ತಟ್ಟೆಯಲ್ಲಿ ಒಂದೇ ಸಮ ಮೊಳೆತರೆ ಗೊಬ್ಬರ ಪಕ್ವವಾಗಿದೆ. ಮೊದಲ ತಟ್ಟೆಯಲ್ಲಿ ಮೊಳಕೆ ಕಡಿಮೆಯಾಗಿ ಬೇರಿನ ತುದಿ ಕಂದಾಗಿದ್ದರೆ ಇನ್ನೂ ಮೂರು ವಾರ ಬಿಡಿ, ಮತ್ತೆ ಹತ್ತು ಕಾಳು ಬಿತ್ತಿ ನೋಡಿ.